ಪಿಎಚ್‌.ಡಿಗೆ ಯಾವುದನ್ನು ಆರಿಸಿಕೊಳ್ಳಲಿ: ಬ್ಯಾಕ್ಟೀರಿಯಾಗಳಿಂದ ಹೊಸ ಔಷಧ ಹುಡುಕುವುದನ್ನೇ, ಕೋಫ್ಯಾಕ್ಟರ್‌ಗಳ ಅಧ್ಯಯನವನ್ನೇ?

ಔಷಧ ಹುಡುಕುವ ಕೆಲಸ ಜನರಿಗೆ ನೇರವಾಗಿ ಉಪಯೋಗವಾಗುತ್ತದೆ, ಕೋಫ್ಯಾಕ್ಟರ್ (ಕಿಣ್ವ ಕೆಲಸ ಮಾಡಲು ಬೇಕಾದ ಸಹಾಯಕ ಅಣು) ಜೀವಕೋಶದಲ್ಲಿ ಹೇಗೆ ತಯಾರಾಗುತ್ತದೆ ಎಂಬುದು ಬರೀ ಪಠ್ಯಪುಸ್ತಕದ ವಿಷಯ ಎಂದು ನೀವು ಬರೆದಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನೂ ಇದೇ ಮಾತು ಹೇಳಿ ಮೊದಲನೆಯದನ್ನು ಆರಿಸಿಕೊಂಡಿದ್ದೆ.

ಸ್ಟ್ರೆಪ್ಟೊಮೈಸಿಸ್ ಕುಲದ ಒಂದು ಬ್ಯಾಕ್ಟೀರಿಯಾದಲ್ಲಿ ನಿಷ್ಕ್ರಿಯವಾಗಿದ್ದ ಜೀನ್ ಗುಚ್ಛವೊಂದನ್ನು, ಅಂದರೆ ಒಂದು ಅಣುವನ್ನು ಕಟ್ಟಲು ಬೇಕಾದ ಅಕ್ಕಪಕ್ಕದ ಜೀನುಗಳನ್ನು, ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುವ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದು ಯಾವ ಅಣುವನ್ನು ಕಟ್ಟುತ್ತದೆ ಎಂದು ನೋಡುವುದು ನನಗೆ ಸಿಕ್ಕ ಕೆಲಸ. ಇಂಥ ಗುಚ್ಛಗಳಿಗೆ ಕೊರತೆಯಿಲ್ಲ. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಜೀನೋಮ್ ಪ್ರಕಟವಾದಾಗ ಆ ಒಂದೇ ಜೀವಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಚ್ಛಗಳು ಕಂಡಿದ್ದವು. ನನ್ನ ಇ. ಕೋಲೈ ಅಣುವನ್ನು ಕೊನೆಯ ಹಂತದವರೆಗೆ ಕಟ್ಟಿ ಅಲ್ಲಿಗೇ ನಿಂತುಬಿಟ್ಟಿತು. ಒಂದು ದ್ವಿಬಂಧಕ್ಕೆ ಎರಡು ಹೈಡ್ರೋಜನ್ ಸೇರಿಸಬೇಕಾಗಿದ್ದ ಕಿಣ್ವ ಕೆಲಸ ಮಾಡುತ್ತಿರಲಿಲ್ಲ.

ನನ್ನ ತಪ್ಪು ಇಲ್ಲಿದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದತ್ತಸಂಚಯದಲ್ಲಿ ಆ ಕಿಣ್ವದ ಹೆಸರಿನ ಮುಂದೆ ‘ಎಫ್‌ಎಂಎನ್ ಬಳಸುವ ರಿಡಕ್ಟೇಸ್’ ಎಂದಿತ್ತು, ನಾನು ಅದನ್ನು ನಂಬಿದೆ. ಆ ಒಕ್ಕಣೆಯನ್ನು ಯಾರೂ ಪ್ರಯೋಗ ಮಾಡಿ ಬರೆದಿರಲಿಲ್ಲ. ಅಮೈನೊ ಆಮ್ಲಗಳ ಸರಣಿಯ ಹೋಲಿಕೆಯನ್ನು ನೋಡಿ ಕಂಪ್ಯೂಟರ್ ಹಚ್ಚಿದ ಚೀಟಿ ಅದು. ಎಫ್‌ಎಂಎನ್ ಎಂಬುದು ಬಿ2 ಜೀವಸತ್ವದಿಂದ ಆಗುವ ಹಳದಿ ಬಣ್ಣದ ಕೋಫ್ಯಾಕ್ಟರ್; ಅದನ್ನು ಬಿಗಿಯಾಗಿ ಹಿಡಿದಿರುವ ಕಿಣ್ವವನ್ನು ಶುದ್ಧೀಕರಿಸಿದರೆ ನಿಕ್ಕೆಲ್ ಕಾಲಂನಿಂದ ಹಳದಿಯಾಗಿ ಇಳಿಯುತ್ತದೆ. ನನ್ನ ಕಿಣ್ವ ನೀರಿನಷ್ಟು ತಿಳಿಯಾಗಿ ಇಳಿಯಿತು. ‘ಶುದ್ಧೀಕರಣದಲ್ಲಿ ಎಫ್‌ಎಂಎನ್ ಕಳಚಿಹೋಗಿರಬೇಕು’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಹೊರಗಿನಿಂದ ಎಫ್‌ಎಂಎನ್ ಬೆರೆಸಿದೆ, ಲವಣ ಬದಲಿಸಿದೆ, ಉಷ್ಣತೆ ಬದಲಿಸಿದೆ, ಜೀನನ್ನೇ ಮತ್ತೊಮ್ಮೆ ಸಂಶ್ಲೇಷಿಸಿ ತರಿಸಿದೆ. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಆ ಕಿಣ್ವಕ್ಕೆ ಬಣ್ಣವಿಲ್ಲ ಎಂಬುದೇ, ಅಂದರೆ ಅದು ಎಫ್‌ಎಂಎನ್ ಬಳಸುವುದೇ ಇಲ್ಲ ಎಂಬುದೇ, ಉತ್ತರವಾಗಿತ್ತು, ನಾನು ಅದನ್ನು ದೋಷವೆಂದು ಬಗೆದಿದ್ದೆ.

ಪಕ್ಕದ ಪ್ರಯೋಗಾಲಯದಲ್ಲಿ ಮೈಕೋಬ್ಯಾಕ್ಟೀರಿಯಾಗಳ (ಕ್ಷಯದ ಬ್ಯಾಕ್ಟೀರಿಯಾ ಸೇರಿರುವ ಗುಂಪು) ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧಕಿಯೊಬ್ಬರು ನನ್ನ ಸೆಮಿನಾರ್ ಮುಗಿದ ಮೇಲೆ, ‘ಇದಕ್ಕೆ ಎಫ್‌-420 ಬೇಕಿರಬಹುದಲ್ಲ? ಇ. ಕೋಲೈ ಅದನ್ನು ತಯಾರಿಸುವುದೇ ಇಲ್ಲ’ ಎಂದರು. 1972ರಲ್ಲಿ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದ ಕೋಫ್ಯಾಕ್ಟರ್ ಅದು, 420 ನ್ಯಾನೊಮೀಟರ್ ಬೆಳಕನ್ನು ಹೀರುವುದರಿಂದ ಆ ಹೆಸರು. ಅವರು ಕೊಟ್ಟ ಅಷ್ಟಿಷ್ಟು ಎಫ್‌-420 ಅನ್ನು ಅಪಕರ್ಷಿಸಿ, ಅಂದರೆ ಅದಕ್ಕೆ ಹೈಡ್ರೋಜನ್ ಸೇರಿಸಿ, ಬಣ್ಣ ಹೋಗಲಾಡಿಸಿ, ನನ್ನ ಕಿಣ್ವವನ್ನೂ ಅರ್ಧ ಕಟ್ಟಿದ ಅಣುವನ್ನೂ ಸೇರಿಸಿ, ಅತಿನೇರಳೆ ದೀಪದ ಕೆಳಗೆ ಹಿಡಿದು ನಿಂತೆ. ನಳಿಕೆಯಲ್ಲಿ ನೀಲಿ-ಹಸಿರು ಹೊಳಪು ನಿಧಾನವಾಗಿ ಮರಳಿತು. ಹೈಡ್ರೋಜನ್ ಆ ಕೋಫ್ಯಾಕ್ಟರ್ ಬಿಟ್ಟು ನನ್ನ ಅಣುವಿಗೆ ಕೈ ಬದಲಾಗಿತ್ತು. ಅಷ್ಟರಲ್ಲಿ ಬೇರೊಂದು ತಂಡ ಅದೇ ಬಗೆಯ ಅಣುವನ್ನು ಪ್ರಕಟಿಸಿಯಾಗಿತ್ತು, ನನ್ನ ಫೆಲೋಶಿಪ್ ಮುಗಿದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ ಈ ವಿಭಜನೆಯನ್ನೇ ನಾನು ಒಪ್ಪುವುದಿಲ್ಲ. ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ತಯಾರಾಗುವಾಗಲೂ ಕೊನೆಯ ಅಪಕರ್ಷಣಕ್ಕೆ ಎಫ್‌-420 ಬೇಕು. 1948ರಲ್ಲಿ ಆ ಔಷಧ ಬೆಳಕಿಗೆ ಬಂದದ್ದು ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯನ್ನು ಮುನ್ನಡೆಸುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ; ಕೆಲವೇ ವರ್ಷಗಳ ಮೊದಲು ಫೋಲಿಕ್ ಆಮ್ಲವನ್ನು, ಅಂದರೆ ಒಂದು ಕೋಫ್ಯಾಕ್ಟರ್‌ನ ಮೂಲವಸ್ತುವನ್ನು, ಸಂಶ್ಲೇಷಿಸಿದ್ದೂ ಅಲ್ಲಿಯೇ. ಔಷಧ ನಿರೋಧಕ ಕ್ಷಯಕ್ಕೆ 2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಪ್ರಿಟೊಮ್ಯಾನಿಡ್, ಕ್ಷಯದ ಬ್ಯಾಕ್ಟೀರಿಯಾದೊಳಗಿನ ಎಫ್‌-420 ಅವಲಂಬಿತ ಕಿಣ್ವ ತನ್ನನ್ನು ಬದಲಿಸಿದ ಮೇಲಷ್ಟೇ ಕೆಲಸ ಮಾಡುತ್ತದೆ. ಎಫ್‌-420 ತಯಾರಿಸುವ ಜೀನ್ ಕಳೆದುಕೊಂಡ ಬ್ಯಾಕ್ಟೀರಿಯಾಕ್ಕೆ ಅದು ನಾಟುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಜನರಿರುವ ದೇಶದವರು ಇದನ್ನು ಪಠ್ಯಪುಸ್ತಕದ ವಿಷಯವೆಂದು ಬದಿಗಿಡಬಾರದು.

ಕೋಫ್ಯಾಕ್ಟರ್ ಅಧ್ಯಯನ ನಡೆಸುವ ಪ್ರಯೋಗಾಲಯಕ್ಕೇ ಸೇರಿ. ಸೇರುವ ಮೊದಲು ಅಲ್ಲಿಯ ಮಾರ್ಗದರ್ಶಕರನ್ನು ಒಂದು ವಿಷಯ ಕೇಳಿ: ಸ್ಟ್ರೆಪ್ಟೊಮೈಸಿಸ್‌ನ ಒಂದು ಜೀನ್ ಗುಚ್ಛವನ್ನು ಪ್ರಬಂಧದ ಒಂದು ಅಧ್ಯಾಯವಾಗಿ ತೆಗೆದುಕೊಳ್ಳಲು ಬಿಡುತ್ತಾರೆಯೇ? ಒಪ್ಪಿದರೆ, ಮೊದಲ ಕಿಣ್ವವನ್ನು ಶುದ್ಧೀಕರಿಸಿದ ದಿನವೇ ಅದರ ಬಣ್ಣವನ್ನು ಬರೆದಿಟ್ಟು, 300ರಿಂದ 600 ನ್ಯಾನೊಮೀಟರ್‌ವರೆಗೆ ಅದು ಬೆಳಕನ್ನು ಹೇಗೆ ಹೀರುತ್ತದೆ ಎಂದು ಅಳೆಯಿರಿ.