‘ಹಾಗಾದರೆ ಬೌಲರ್ ಯಾರು?’: ಒಂದು ಆಪ್ತಸಲಹೆ ಪ್ರಕರಣ

ಕ್ರಿಕೆಟ್ ಹುಚ್ಚಿನ ಗಂಡನ ಮೇಲಿನ ದೂರು ನಮ್ಮ ವೃತ್ತಿಯಲ್ಲಿರುವವರಿಗೆ ಹೊಸದಲ್ಲ. ಐಪಿಎಲ್ ನಡೆಯುವ ಬೇಸಿಗೆಯಲ್ಲಿ, ವಿಶ್ವಕಪ್ ಬರುವ ವರ್ಷಗಳಲ್ಲಿ ಅದು ಇನ್ನಷ್ಟು ಕೇಳಿಬರುತ್ತದೆ. ಮನೆಯ ಹಿರಿಯರು ಇದಕ್ಕೆ ಸೂಚಿಸುವ ಪರಿಹಾರವೂ ಬಹುತೇಕ ಒಂದೇ ಆಗಿರುತ್ತದೆ: ಟಿ.ವಿ. ಆರಿಸು, ಹೆಂಡತಿಯ ಮಾತು ಕೇಳು. ಇದರಲ್ಲಿ ಮೊದಲನೆಯದು ಅನಗತ್ಯ, ಎರಡನೆಯದು ಸಾಲದು ಎಂದು ನಾನು ನಂಬಿದ್ದೇನೆ. ಹಾಗೆ ನಂಬುವುದೇಕೆ ಎಂಬುದನ್ನು ಮಂಡ್ಯ ಜಿಲ್ಲೆಯಿಂದ ಮೈಸೂರಿಗೆ ನನ್ನನ್ನು ಕಾಣಲು ಬಂದ ದಂಪತಿಯೊಬ್ಬರ ಪ್ರಕರಣದ ಮೂಲಕ ವಿವರಿಸುತ್ತೇನೆ. ಇಬ್ಬರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಪತಿ ಅರವತ್ತು ದಾಟಿದ ನಿವೃತ್ತ ನೌಕರರು. ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆ ತಂಡವನ್ನು 1974ರಲ್ಲಿ ಸೆಮಿಫೈನಲ್‌ನಲ್ಲೇ ತಡೆದು ಕರ್ನಾಟಕ ಮೊದಲ ಬಾರಿಗೆ ಆ ಟ್ರೋಫಿಯನ್ನು ಎತ್ತಿ ಹಿಡಿದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಅಂದು ಹತ್ತಿದ ಗೀಳು ಇಂದಿಗೂ ಬಿಟ್ಟಿಲ್ಲ. ಮದುವೆಯಾಗಿ ಮೂವತ್ತೈದು ವರ್ಷ ಕಳೆದಿದೆ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕುಡಿತವಿಲ್ಲ, ಸಾಲವಿಲ್ಲ, ಕೈ ಎತ್ತಿದ್ದಿಲ್ಲ. ಪತ್ನಿ ಮನೆವಾರ್ತೆಯ ಜೊತೆಗೆ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದವರು. ಗಂಡನ ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಆಟ ಕಲಿತವರು.

ಅವರು ನನ್ನ ಬಳಿ ಬಂದದ್ದು ಆಟದ ಕಾರಣಕ್ಕಲ್ಲ, ಒಂದು ಸಹಿಯ ಕಾರಣಕ್ಕೆ. ಪತ್ನಿಯ ತವರಿಗೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು ಬೆಳೆಯುವ ಪಿತ್ರಾರ್ಜಿತ ಗದ್ದೆಯಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿರುವುದರಿಂದ, ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದು ಮಾಮೂಲಾಗಿದೆ. ಆಕೆಯ ತಮ್ಮನೂ ಕೇಳಿದ. ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಡುವುದಾಗಿಯೂ ಹೇಳಿದ. ಆರ್‌ಸಿಬಿ ಕೊನೆಗೂ ಕಪ್ ಗೆದ್ದ 2025ರ ಬೇಸಿಗೆ ಅದು. ಆಕೆ ಗಂಡನ ಅಭಿಪ್ರಾಯ ಕೇಳಿದರು. ಉತ್ತರ ‘ನೋಡೋಣ’ ಎಂದು ಬಂತು. ಮತ್ತೊಮ್ಮೆ ಕೇಳಿದರು, ಮೂರನೆಯ ಸಲವೂ ಕೇಳಿದರು. ಕೊನೆಗೆ ಒಂದು ಬೆಳಿಗ್ಗೆ ತಮ್ಮನ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದರು. ವಿಷಯ ತಿಳಿದ ಪತಿ ಸಿಟ್ಟಾದರು: ‘ನನ್ನನ್ನು ಒಂದು ಮಾತು ಕೇಳಲಿಲ್ಲ.’ ಆಕೆ ಅದಕ್ಕೂ ಉತ್ತರಿಸದೆ ಮಾತು ಬಿಟ್ಟರು. ಮನೆಯಲ್ಲಿ ಒಲೆ ಉರಿಯುತ್ತಿತ್ತು, ಊಟ ಬಡಿಸುತ್ತಿದ್ದರು, ಮಾತು ಮಾತ್ರ ಇರಲಿಲ್ಲ. ಮಗಳು ಹಟ ಹಿಡಿದು ಇಬ್ಬರನ್ನೂ ಕರೆತಂದಳು.

ಇಂಥ ಪ್ರಕರಣಗಳಲ್ಲಿ ನಾನು ಮೊದಲು ಪತ್ನಿಯ ಜೊತೆ ಒಬ್ಬಂಟಿಯಾಗಿ ಮಾತನಾಡುತ್ತೇನೆ. ಕೆಲವರಿಗೆ ಇದು ಅನುಮಾನದ ನಡೆಯಾಗಿ ಕಾಣುತ್ತದೆ. ಆದರೂ ನಾನಿದನ್ನು ಬಿಡುವುದಿಲ್ಲ. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಮೆರಿಕದಲ್ಲಿ ಗೆದ್ದೇ ಗೆಲ್ಲುತ್ತದೆಂದು ನಂಬಿದ್ದ ತಮ್ಮ ಊರಿನ ಫುಟ್‌ಬಾಲ್ ತಂಡ ಸೋತ ದಿನಗಳಲ್ಲಿ, ಗಂಡಸರು ಮನೆಯೊಳಗೆ ಪತ್ನಿ ಅಥವಾ ಸಂಗಾತಿಯ ಮೇಲೆ ನಡೆಸುವ ಹಲ್ಲೆ ಶೇ 10ರಷ್ಟು ಏರಿತ್ತು. ಸೋಲಿನ ಸಿಟ್ಟು ಮನೆಯ ಹೆಂಗಸಿನ ಮೇಲೆ ತಿರುಗುವುದು ಅಲ್ಲಿಗಷ್ಟೇ ಸೀಮಿತವಲ್ಲ. ಹೊಡೆತವಿದ್ದರೆ ಅದು ದಾಂಪತ್ಯದ ಹೊಂದಾಣಿಕೆಯ ಮಾತಲ್ಲ, ರಕ್ಷಣೆಯ ಮಾತು. ಅಂಥವರಿಗೆ 181 ಸಹಾಯವಾಣಿಯನ್ನೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನೂ ತಿಳಿಸುವುದು ನನ್ನ ಮೊದಲ ಕೆಲಸ. ಬೆಟ್ಟಿಂಗ್ ಬಗ್ಗೆಯೂ ಕೇಳುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೂ ಹಳೆಯ ಸಾಲಗಳು ಮನೆಗಳಲ್ಲಿ ಇನ್ನೂ ತೀರಿಲ್ಲ. ಈ ಮನೆಯಲ್ಲಿ ಎರಡೂ ಇರಲಿಲ್ಲ. ಇದ್ದದ್ದು ಉತ್ತರ ಸಿಗದ ಮಾತುಗಳ ದೊಡ್ಡ ರಾಶಿ.

ಪ್ರಕರಣ ತಿರುವು ಪಡೆದದ್ದು ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ. ಪತಿಗೆ ತಮ್ಮದೇ ಒಂದು ಸಿದ್ಧಾಂತವಿತ್ತು. ಅದನ್ನು ಹೇಳಲು ಅವರು ಕಾಯುತ್ತಲೇ ಇದ್ದರು. ಸಂಸಾರವೆಂದರೆ ಟೆಸ್ಟ್ ಪಂದ್ಯ, ಈಗಿನ ಹುಡುಗರು ಅದನ್ನು ಟ್ವೆಂಟಿ-ಟ್ವೆಂಟಿ ಎಂದು ತಿಳಿದು ಆಡಲು ಹೋಗಿ ವರ್ಷ ತುಂಬುವುದರೊಳಗೆ ಕೋರ್ಟು ಹತ್ತುತ್ತಾರೆ, ಎಂದರು. ಟೆಸ್ಟ್ ಪಂದ್ಯಗಳಲ್ಲಿ ದ್ರಾವಿಡ್ 31,258 ಚೆಂಡು ಎದುರಿಸಿದ್ದಾರೆ, ಅಷ್ಟು ಹೊತ್ತು ನಿಲ್ಲಲು ಸಾಧ್ಯವಾದದ್ದು ಯಾವ ಚೆಂಡನ್ನು ಬಿಡಬೇಕೆಂಬುದು ಗೊತ್ತಿದ್ದರಿಂದ, ಎಂದರು. 1996ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಎದುರು ಎಂಟು ವಿಕೆಟ್ ಬಿದ್ದ ಮೇಲೆ ನಮ್ಮ ಮೈಸೂರಿನ ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದ್ದನ್ನು, ನಿನ್ನೆ ಮೊನ್ನೆ ನಡೆದಂತೆ ಬಣ್ಣಿಸಿದರು. ಕೊನೆಯಲ್ಲಿ, ಬಹಳ ಪ್ರಾಮಾಣಿಕವಾಗಿ, ಹೀಗೆಂದರು: ‘ಆಫ್ ಸ್ಟಂಪಿನ ಆಚೆ ಬಿದ್ದ ಚೆಂಡನ್ನ ಬಿಟ್ಟುಬಿಡಬೇಕು ಮೇಡಂ. ಮೂವತ್ತೈದು ವರ್ಷದಿಂದ ಹಂಗೇ ಬಿಟ್ಕಂಡು ಬಂದಿದೀನಿ. ಅದಕ್ಕೇ ನಮ್ಮನೇಲಿ ಒಂದು ದೊಡ್ಡ ಜಗಳ ಆಗಿಲ್ಲ.’

ಅವರ ಮಾತಿನಲ್ಲಿ ಒಣ ಹೆಮ್ಮೆ ಇರಲಿಲ್ಲ. ತಾವೊಬ್ಬ ತಾಳ್ಮೆಯ ಗಂಡ ಎಂದು ಅವರು ನಿಜವಾಗಿಯೂ ನಂಬಿದ್ದರು. ಅದನ್ನು ನಾನು ಗಮನಿಸುತ್ತಿರುವಾಗಲೇ, ಅಲ್ಲಿಯವರೆಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದ ಪತ್ನಿ ತಲೆ ಎತ್ತಿ, ಗಂಡನನ್ನಲ್ಲ, ನನ್ನನ್ನು ಕೇಳಿದರು:

‘ಹಂಗಾದ್ರೆ ಬೌಲರ್ ಯಾರು ಮೇಡಂ?’

ಪತಿಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಮುಂದುವರಿಸಿದರು. ‘ನನ್ನ ಮಾತು ಇವ್ರು ಬಿಟ್ಟ ಚೆಂಡಾದ್ರೆ, ಚೆಂಡು ಹಾಕ್ದೋಳು ನಾನೇ ಆಗ್ಬೇಕಲ್ಲ? ಇಷ್ಟು ವರ್ಷ ನಾನು ಇವ್ರ ಜೊತೆ ಆ ತುದೀಲಿ ಬ್ಯಾಟ್ ಹಿಡ್ಕಂಡು ನಿಂತಿದೀನಿ ಅಂದ್ಕಂಡಿದ್ದೆ. ಇವ್ರಿಗೆ ನಾನು ಎದುರು ಪಾರ್ಟಿ.’

ಪತಿ ಸುಮ್ಮನಿರಲಿಲ್ಲ. ಆಟದ ಮಾತಿಗೆ ಆಟದ ಮಾತಿನಲ್ಲೇ ಉತ್ತರಿಸಿದರು: ಜೊತೆಗಾರ್ತಿಯೇ ಆಗಿದ್ದರೆ ರನ್ನಿಗೆ ಕರೆಯಬೇಕಾಗಿತ್ತು, ಚೆಂಡು ಬ್ಯಾಟ್ಸ್‌ಮನ್ನಿನ ಬೆನ್ನ ಹಿಂದೆ ಹೋದಾಗ ಕರೆಯುವ ಜವಾಬ್ದಾರಿ ಆ ತುದಿಯವರದೇ, ಎಂದರು. ವಾದವಾಗಿ ಅದು ಸರಿಯಾಗಿಯೇ ಇತ್ತು. ಆಕೆ ದನಿ ಏರಿಸದೆ, ‘ಕರದೆ. ಮೂರು ಸಲ ಕರದೆ. ಒಂದು ಸಲ ನೀವು ಊಟ ಮಾಡ್ತಿದ್ರಿ, ಮ್ಯಾಚೂ ಇರ್ಲಿಲ್ಲ. ನೋಡೋಣ ಅಂದ್ರಿ. ನಾನೊಬ್ಳೇ ಓಡ್ದೆ’ ಎಂದರು. ಆಮೇಲೆ, ನನಗೆ ಸಂಬಂಧವಿಲ್ಲದ್ದೆಂದು ತೋರಿದ ಇನ್ನೊಂದು ಸಂಗತಿಯನ್ನು ಎತ್ತಿದರು. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್ ನಡೆದಿತ್ತು. 338 ರನ್ ಬೆನ್ನಟ್ಟಿದ ಕರ್ನಾಟಕ, ಮನೀಷ್ ಪಾಂಡೆ 144 ಹೊಡೆದರೂ 331ಕ್ಕೆ ಮುಗಿದು ಮುಂಬೈಗೆ 6 ರನ್ನಿನಿಂದ ಸೋತಿತು. ಪತಿ ಪ್ರತಿದಿನವೂ ಬೆಳಿಗ್ಗೆ ಹೋಗಿ ನೋಡಿ ಬಂದಿದ್ದರು. ಪಂದ್ಯ ಮುಗಿದದ್ದು ಸಂಕ್ರಾಂತಿಯ ದಿನ. ‘ಎಳ್ಳು ಬೀರಿ ಬಂದು, ಸಿಹಿ ಪೊಂಗಲ್ ಮಾಡಿಟ್ಕಂಡು ಕಾಯ್ತಾ ಇದ್ದೆ. ಆರು ರನ್ನು ಅಂತ ಒಂದು ಮಾತು ಅಂದು ಒಳಗೋಗಿ ಮಲಗಿಬಿಟ್ರು. ನಂಗೂ ಬೇಜಾರಾಗಿತ್ತು ಮೇಡಂ. ನಾನೂ ರೇಡಿಯೋದಲ್ಲಿ ಕೇಳ್ತಾನೇ ಇದ್ದೆ. ಯಾರ ಹತ್ರ ಹೇಳ್ಕಳ್ಲಿ?’

ಈ ಪ್ರಕರಣವನ್ನು ನಾನು ಬರೆಯಲು ಕಾರಣ ಈ ಕೊನೆಯ ಪ್ರಶ್ನೆ. ಆಕೆ ಆಟದ ಮೇಲೆ ದೂರು ಹೇಳುತ್ತಿರಲಿಲ್ಲ. ಆ ಸೋಲಿನ ದುಃಖದಲ್ಲೂ ತನಗೊಂದು ಪಾಲಿತ್ತು, ಅದನ್ನು ಹಂಚಿಕೊಳ್ಳಲು ಗಂಡ ಬಿಡಲಿಲ್ಲ ಎಂಬುದು ಆಕೆಯ ಅಳಲು. ಅಂದಮೇಲೆ ಟಿ.ವಿ. ಆರಿಸುವುದರಿಂದ ಆಗುವ ಪ್ರಯೋಜನವೇನು? ಆಕೆಗೂ ಇಷ್ಟವಿದ್ದ ಒಂದೇ ಒಂದು ಸಂಗತಿ ಮನೆಯಿಂದ ಹೋಗುತ್ತಿತ್ತು, ಮೌನ ಮಾತ್ರ ಇದ್ದಲ್ಲೇ ಉಳಿಯುತ್ತಿತ್ತು. ಆಟ ನೋಡಬೇಡಿ ಎಂದು ತಾಕೀತು ಮಾಡಿಸಿಕೊಂಡ ಗಂಡಸರು ಗೆಳೆಯನ ಅಂಗಡಿಯಲ್ಲಿ ಕೂತು, ಇಲ್ಲವೆ ಹೊದಿಕೆಯೊಳಗೆ ಮೊಬೈಲ್ ಹಿಡಿದು ನೋಡುವುದನ್ನು ನಾನು ಬಲ್ಲೆ. ಐವತ್ತು ವರ್ಷದ ಪ್ರೀತಿಯನ್ನು ರೋಗವೆಂದು ಕರೆದು ಕತ್ತರಿಸುವುದು ಆಪ್ತಸಲಹೆಯ ಕೆಲಸವೆಂದು ನನಗೆ ಅನ್ನಿಸುವುದಿಲ್ಲ.

ಹಾಗಾಗಿ ನಾನು ಕೊಟ್ಟ ಸಲಹೆ ಆಟದೊಳಗಿನಿಂದಲೇ ಬಂದದ್ದು. ರನ್ ಓಡುವಾಗ ಬ್ಯಾಟ್ಸ್‌ಮನ್ನರಿಗೆ ಇರುವ ಕರೆಗಳು ಮೂರೇ: ಬಾ, ಬೇಡ, ತಡಿ. ‘ತಡಿ’ ಎಂದವರು ಮರುಕ್ಷಣವೇ ಉಳಿದೆರಡರಲ್ಲಿ ಒಂದನ್ನು ಹೇಳಲೇಬೇಕು. ಹೇಳದಿದ್ದರೆ ಜೊತೆಗಾರ ನಡು ಪಿಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಪತಿಯ ‘ನೋಡೋಣ’ ಎಂಬುದು ಅಂಥ ‘ತಡಿ’ಯಾಗಿತ್ತು, ಅದರ ಹಿಂದೆ ಬೇರೆ ಕರೆ ಬರುತ್ತಲೇ ಇರಲಿಲ್ಲ. ಪತ್ನಿ ಒಂದು ವಿಷಯ ಕೇಳಿದರೆ ಇನ್ನು ಮೇಲೆ ಈ ಮೂರರಲ್ಲಿ ಒಂದು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು, ‘ತಡಿ’ ಎಂದರೆ ಯಾವಾಗ ಹೇಳುತ್ತೇನೆಂಬುದನ್ನೂ ಹೇಳಬೇಕು, ಆ ಹೊತ್ತಿಗೆ ಆಕೆ ಮತ್ತೆ ಕೇಳುವವರೆಗೆ ಕಾಯದೆ ತಾವಾಗಿಯೇ ಮಾತು ತೆಗೆಯಬೇಕು ಎಂದೆ. ಶ್ರೀನಾಥ್–ಕುಂಬ್ಳೆ ಜೊತೆಯಾಟವನ್ನು ಅವರೇ ಉದಾಹರಿಸಿದ್ದರಿಂದ, ಓವರ್ ಮುಗಿದಾಗಲೆಲ್ಲ ಜೊತೆಯಾಟಗಾರರು ನಡುವಿಗೆ ಬಂದು ಮಾತನಾಡಿಕೊಳ್ಳುವುದನ್ನು ನೆನಪಿಸಿ, ರಾತ್ರಿಯ ಊಟವಾದ ಮೇಲೆ ಕಾಲು ಗಂಟೆ ಇಬ್ಬರೂ ಹಾಗೆ ಕೂರಬೇಕು, ಆ ಹೊತ್ತಿನಲ್ಲಿ ಟಿ.ವಿ. ಮಾತ್ರವಲ್ಲ, ಫೋನೂ ಬೇಡ ಎಂದೆ.

ಪತ್ನಿಗೂ ಒಂದು ಮಾತು ಹೇಳಿದೆ. ದೊಡ್ಡ ನಿರ್ಧಾರಗಳ ವಿಷಯವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಡುವೆ ತೂರಿಸಿದಂತೆ ಕೇಳಬೇಡಿ. ‘ಒಂದು ವಿಷಯ ಮಾತಾಡಬೇಕು’ ಎಂದು ಮೊದಲೇ ಹೇಳಿ ಎದುರು ಕೂತು ಕೇಳಿ. ಇದನ್ನು ಕೇಳಿದ ಮಗಳಿಗೆ ಬೇಸರವಾಯಿತು. ಇಷ್ಟು ವರ್ಷ ಸಹಿಸಿದ ಅಮ್ಮನಿಗೇ ಮತ್ತೆ ಪಾಠ ಹೇಳಿದಿರಿ, ಅಪ್ಪನಿಗೆ ಆಟದ ಭಾಷೆಯಲ್ಲಿ ಮುದ್ದು ಮಾಡಿದಿರಿ, ಎಂದಳು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಸಮಾಜದಲ್ಲಿ ಹೊಂದಿಕೊಳ್ಳುವ ಭಾರ ಯಾರ ಹೆಗಲಿಗೆ ಬೀಳುತ್ತದೆಂಬುದು ನನಗೂ ಗೊತ್ತು. ಆದರೂ ನನ್ನ ಸಲಹೆಯ ಮೇಲೆ ನಾನು ನಿಲ್ಲುತ್ತೇನೆ. ಬಾಗಿಲಲ್ಲಿ ನಿಂತು ಕೇಳುವುದು ಆಕೆಗೆ ಅಭ್ಯಾಸವಾದದ್ದು ಎದುರು ಕೂತು ಕೇಳುವ ಹಕ್ಕು ತನಗಿಲ್ಲವೆಂಬ ಭಾವನೆಯಿಂದ. ಕೂತು ಕೇಳಿ ಎಂದದ್ದು ಗಂಡನ ಅನುಕೂಲಕ್ಕಾಗಿ ಅಲ್ಲ, ಆ ಹಕ್ಕನ್ನು ಆಕೆ ಬಳಸಲಿ ಎಂದು. ಇನ್ನು ಆಟದ ಭಾಷೆಯ ಮಾತು: ಅದನ್ನು ಕೊಠಡಿಗೆ ತಂದವರು ಪತಿ, ಅದರ ಪಟ್ಟನ್ನು ಬಿಚ್ಚಿ ತೋರಿಸಿದವರು ಪತ್ನಿ. ‘ಸಂವಹನ ಕೌಶಲ’ದ ಬಗ್ಗೆ ನಾನು ಒಂದು ಗಂಟೆ ಉಪನ್ಯಾಸ ಕೊಟ್ಟಿದ್ದರೂ ‘ಬೌಲರ್ ಯಾರು’ ಎಂಬ ಆ ಒಂದು ಪ್ರಶ್ನೆಯಷ್ಟು ಆ ಮನುಷ್ಯನನ್ನು ತಟ್ಟುತ್ತಿರಲಿಲ್ಲ.

ಸಹಿಯ ವಿಷಯದಲ್ಲಿ ನಾನು ಖಡಾಖಂಡಿತವಾಗಿದ್ದೆ. ಪತ್ರವನ್ನು ರದ್ದು ಮಾಡಿಸಬೇಕು, ಬಾವಮೈದುನನ ಮೇಲೆ ದಾವೆ ಹೂಡಬೇಕು ಎಂದು ಪತಿ ಯೋಚಿಸುತ್ತಿದ್ದರು. ಆಸ್ತಿ ಪತ್ನಿಯದು, ಬಿಡುವುದೂ ಕೇಳುವುದೂ ಆಕೆಯ ನಿರ್ಧಾರ. ನಿಮ್ಮ ಸಿಟ್ಟನ್ನು ತೀರಿಸಿಕೊಳ್ಳಲು ಆಕೆಯನ್ನು ತವರಿನ ವಿರುದ್ಧ ನಿಲ್ಲಿಸಬೇಡಿ ಎಂದೆ. ಕಾನೂನಿನ ಸ್ಥಿತಿ ತಿಳಿಯಬೇಕೆಂದು ಆಕೆಗೆ ಅನ್ನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು, ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ ಎಂದು ತಿಳಿಸಿದೆ. ಆಕೆ ಹೋಗಲಿಲ್ಲ. ತಮ್ಮನಿಗೆ ಕೊಟ್ಟದ್ದರ ಬಗ್ಗೆ ತನಗೆ ಚಿಂತೆಯಿಲ್ಲ, ಕೊಡುವ ಮುಂಚೆ ಒಬ್ಬಳೇ ಯೋಚಿಸಬೇಕಾಗಿ ಬಂದದ್ದೇ ನೋವು, ಎಂದರು. ಅದನ್ನು ಪತಿಯ ಎದುರಿಗೇ ಹೇಳಿದರು. ಅವರು ಕೇಳಿಸಿಕೊಂಡು, ‘ನೀನು ಕೇಳಿದಾಗ ಕೊಡು ಅಂತಲೇ ಹೇಳ್ತಿದ್ದೆ’ ಎಂದರು.

ಇದರ ನಂತರವೂ ಅವರು ಕೆಲವು ಸಲ ಬಂದರು. ಪತಿ ಈಗಲೂ ಪಂದ್ಯ ನೋಡುತ್ತಾರೆ. ಈಗ ಇಬ್ಬರೂ ಆಟಗಾರರ ಬಗ್ಗೆ ವಾದ ಮಾಡುತ್ತಾರೆ. ಮೌನದಿಂದ ಮಾತಿಗೆ ಬಂದ ಮನೆಗಳಲ್ಲಿ ಜಗಳ ಮೊದಲಿಗಿಂತ ಹೆಚ್ಚುವುದುಂಟು. ಇಲ್ಲಿಯೂ ಹಾಗೆಯೇ ಆಯಿತು, ನಾನು ಅದನ್ನು ಅವರಿಗೆ ಮುಂಚೆಯೇ ತಿಳಿಸಿದ್ದೆ. ಮಂಡ್ಯದ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬನ್ನಿ ಎಂದು ಮಗಳು ಕರೆಯುತ್ತಿದ್ದಾಳೆ. ಈ ವಿಷಯದಲ್ಲಿ ಪತ್ನಿಯ ಉತ್ತರ ‘ಹೋಗೋಣ’ ಎಂದು, ಪತಿಯದು ‘ಬೇಡ’ ಎಂದು. ಎರಡು ಉತ್ತರಗಳನ್ನೂ ಇಬ್ಬರೂ ಸೇರಿಯೇ ಮಗಳಿಗೆ ಫೋನ್ ಮಾಡಿ ತಿಳಿಸಿದ್ದಾರೆ. ಕಬ್ಬು ಕಡಿಯುವ ಕಾಲ ಮುಗಿದ ಮೇಲೆ ಮತ್ತೆ ಕೂತು ಮಾತನಾಡುವುದೆಂದು ದಿನವನ್ನೂ ಗೊತ್ತು ಮಾಡಿಕೊಂಡಿದ್ದಾರೆ.