ಗಂಜಿ ಡಬ್ಬಿ ಬೇಡ ಅನ್ನುವುದು ದೀನತೆಯೇ?

ಪ್ರಶ್ನೆ: ನನಗೆ 63 ವರ್ಷ. ಚರ್ಚಿನ ಪೀಠದ ಬಟ್ಟೆ ಒಗೆಯುವುದು, ಹೂ ಜೋಡಿಸುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು ಇಪ್ಪತ್ತು ವರ್ಷಗಳಿಂದ ನನ್ನದೇ ಕೆಲಸ. ಈಗ ಮಂಡಿ ಆಪರೇಷನ್ ಆಗಿ ಮನೆಯಲ್ಲಿದ್ದೇನೆ. ನಮ್ಮ ವಾಳೆಯ (ಚರ್ಚಿನ ನೆರೆಹೊರೆ ಗುಂಪಿನ) ಹೆಂಗಸರು ಸರದಿ ಹಾಕಿಕೊಂಡು ಗಂಜಿ, ಪಲ್ಯ ತರುತ್ತಾರೆ. ನನಗೆ ತುಂಬಾ ಮುಜುಗರ. ಬೇಡ ಅನ್ನುತ್ತೇನೆ. ಕೇಳದೆ ತಂದರೆ ಡಬ್ಬಿಯಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ತುಂಬಿ ಅವತ್ತೇ ವಾಪಸ್ ಕಳಿಸುತ್ತೇನೆ. ಮಗಳು ‘ಅಮ್ಮಾ, ಇದು ನಿನ್ನ ಅಹಂಕಾರ’ ಅಂದಳು. ಯಾರಿಗೂ ಭಾರವಾಗಬಾರದು ಅನ್ನುವುದು ದೀನತೆ ಅಲ್ವಾ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ಯೇಸುವಿನ ಶಿಷ್ಯ ಪೇತ್ರ ನೆನಪಾದ. ಕಡೆಯ ಭೋಜನದ ರಾತ್ರಿ ಯೇಸು ಊಟದ ನಡುವೆ ಎದ್ದರು. ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ, ಶಿಷ್ಯರ ಕಾಲು ತೊಳೆಯತೊಡಗಿದರು. ಆ ಕಾಲದಲ್ಲಿ ಅದು ಮನೆಯಾಳಿನ ಕೆಲಸ. ತನ್ನ ಸರದಿ ಬಂದಾಗ ಪೇತ್ರ, ನನ್ನ ಕಾಲನ್ನು ನೀವು ಎಂದಿಗೂ ತೊಳೆಯಕೂಡದು ಅಂದ. ಕೇಳಲು ಎಷ್ಟು ದೀನವಾದ ಮಾತು! ಯೇಸು ಅದನ್ನು ಒಪ್ಪಲೇ ಇಲ್ಲ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದರು. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದುವಾಗ ನಾವು ಯೇಸು ಬಗ್ಗಿದ್ದನ್ನು ನೋಡುತ್ತೇವೆ. ಪೇತ್ರ ಕಾಲು ಚಾಚಿದ್ದನ್ನು ಗಮನಿಸುವುದೇ ಇಲ್ಲ.

ನಾನೂ ಗಮನಿಸಿರಲಿಲ್ಲ. ಆ ರಾತ್ರಿಯ ನೆನಪಿಗೆ ಚರ್ಚಿನಲ್ಲಿ ನಡೆಯುವ ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಗೆ ಹೆಂಗಸರನ್ನೂ ಆರಿಸಬಹುದು ಎಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದರಲ್ಲ, ಅದಾದ ಮೇಲೆ ಒಂದು ವರ್ಷ ನನ್ನನ್ನೂ ಕೂರಿಸಿದರು. ಮನೆಯಲ್ಲೇ ಎರಡೆರಡು ಸಲ ಸೋಪು ಹಾಕಿ ಕಾಲು ತೊಳೆದುಕೊಂಡೆ. ಹಿಮ್ಮಡಿಯ ಬಿರುಕು ಕಾಣದಿರಲಿ ಎಂದು ಎಣ್ಣೆ ತಿಕ್ಕಿದೆ. ವಯಸ್ಸಾದ ಫಾದರ್ ಕುರ್ಚಿ ಹಿಡಿದು ಮೊಣಕಾಲೂರಿದರು. ಅವರ ಉಸಿರು ನನಗೆ ಕೇಳುತ್ತಿತ್ತು. ನೀರು ಹಾಕಿ, ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಟ್ಟರು. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಮೂವತ್ತೈದು ವರ್ಷ ನರ್ಸ್ ಆಗಿದ್ದವಳು ನಾನು. ಎಷ್ಟು ಜನರ ಮೈ ಒರೆಸಿದ್ದೇನೋ, ಬೆಡ್‌ಪ್ಯಾನ್ ತೊಳೆದಿದ್ದೇನೋ ಲೆಕ್ಕವಿಲ್ಲ. ಅದು ನನಗೆ ಯಾವತ್ತೂ ಕಷ್ಟ ಅನ್ನಿಸಿರಲಿಲ್ಲ. ಈ ಅರ್ಧ ನಿಮಿಷ ಕೂರುವುದು ಕಷ್ಟವಾಯಿತು. ಸೇವೆ ಮಾಡುವಾಗ ನಿಂತಿರುವವರು ನಾವು, ಮಲಗಿರುವವರು ಅವರು. ಆ ನಿಲುವು ನನಗೆ ಎಷ್ಟು ಇಷ್ಟವಾಗಿಬಿಟ್ಟಿತ್ತು ಎಂದು ಅವತ್ತು ಗೊತ್ತಾಯಿತು.

ಮಂಗಳೂರು ಕಡೆಯವರಾದರೆ ಮುಡಿಪು ಗುಡ್ಡಕ್ಕೆ ಹೋಗಿರುತ್ತೀರಿ. ಅಲ್ಲಿನ ಪುಣ್ಯಕ್ಷೇತ್ರದ ಸಂತ ಜೋಸೆಫ್ ವಾಜ್ ಗೋವಾದ ಬ್ರಾಹ್ಮಣ ಮೂಲದ ಮನೆತನದವರು. 1681ರಿಂದ ಮೂರು ವರ್ಷ ನಮ್ಮ ಕೆನರಾದಲ್ಲಿ, ಅಂದರೆ ಈ ಕರಾವಳಿಯಲ್ಲಿ, ಸೇವೆ ಮಾಡಿದರು. 1697ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸಿಡುಬು ಬಂದಾಗ ರೋಗಿಗಳ ಆರೈಕೆ ಮಾಡಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಹತ್ತು ವರ್ಷ ಮೊದಲು ಅವರು ಆ ದ್ವೀಪಕ್ಕೆ ಕಾಲಿಟ್ಟಾಗ ಹೇಗಿದ್ದರು ಗೊತ್ತಾ? ಆಗ ಅಲ್ಲಿನ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ವೇಷ ಮರೆಸಿಕೊಂಡು ಬಂದಿದ್ದರು. ಜೊತೆಗೆ ರಕ್ತಭೇದಿ. ಆಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಜಾಫ್ನಾದಲ್ಲಿ ಮನೆಮನೆ ಬೇಡುತ್ತಾ ನಡೆದರು. ಯಾರ ಕಣ್ಣು ಆ ಮಾಲೆಯ ಮೇಲೆ ನಿಲ್ಲುತ್ತದೆ ಎಂದು ನೋಡಿ ಕ್ರೈಸ್ತರನ್ನು ಹುಡುಕುತ್ತಿದ್ದರು. ಕೊಡುವ ಕೈ ಆಗುವ ಮೊದಲು ಅವರದು ಆ ಊರಲ್ಲಿ ಬೇಡಿದ ಕೈ. ನನಗೆ ಸಿಡುಬಿನ ಕತೆಗಿಂತ ಇದೇ ಜಾಸ್ತಿ ಹತ್ತಿರ.

ಹಾಗಂತ ಮಗಳು ಹೇಳಿದ ‘ಅಹಂಕಾರ’ ಅನ್ನುವ ಪದವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮದು ಅಭ್ಯಾಸವಿಲ್ಲದ ಮುಜುಗರ, ಅಷ್ಟೇ. ದಿನಾ ಜನ ಬಂದು ಕೂತರೆ ಸುಸ್ತಾಗುತ್ತದೆಯೇ? ವಾರಕ್ಕೆ ಮೂರು ದಿನ ಸಾಕು ಎಂದು ನೇರವಾಗಿ ಹೇಳಿ. ಖಾರ ಜಾಸ್ತಿಯಾದರೆ ಅದನ್ನೂ ಹೇಳಿ. ದೀನತೆ ಎಂದರೆ ಎಲ್ಲವನ್ನೂ ಸುಮ್ನೆ ನುಂಗಿಕೊಳ್ಳುವುದಲ್ಲ. ಆದರೆ ಆ ಬಾಳೆಹಣ್ಣಿನ ಬಗ್ಗೆ ಯೋಚಿಸಿ. ಖಾಲಿ ಪಾತ್ರೆ ಕೊಡಬಾರದು ಎಂಬ ನಮ್ಮ ಹಿರಿಯರ ಪದ್ಧತಿ ಚಂದದ್ದೇ. ನೀವು ಮಾತ್ರ ಅದರಲ್ಲಿ ಸಾಲ ತೀರಿಸುತ್ತಿದ್ದೀರಿ, ಸಂಜೆಯೊಳಗೆ ಬಾಕಿ ಇರಬಾರದು ಎಂದು. ನೀವು ಇಪ್ಪತ್ತು ವರ್ಷ ಯಾರ ಮನೆಗೆಲ್ಲ ಹೋದಿರೋ ಅವರು ನಿಮಗೆ ಹಾಗೆ ಲೆಕ್ಕ ಚುಕ್ತಾ ಮಾಡಿದ್ದರೆ ನಿಮಗೆ ಹೇಗನ್ನಿಸುತ್ತಿತ್ತು?

ನಾಳೆ ಡಬ್ಬಿ ತಂದವರನ್ನು ಒಳಗೆ ಕರೆಯಿರಿ. ಅವರ ಎದುರಿಗೇ ಕೂತು ಬಿಸಿ ಗಂಜಿ ಉಣ್ಣಿ. ಡಬ್ಬಿಯನ್ನು ಅವರೇ ತೊಳೆಯಲಿ. ಖಾಲಿಯಾಗಿಯೇ ತೆಗೆದುಕೊಂಡು ಹೋಗಲಿ.