ಅಕ್ಕನಿಗೆ ನೀರು ಹಿಡಿಯೆಂದು ಹೇಗೆ ಹೇಳಲಿ?

(ಪ್ರಕರಣದ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಬುರಗಿಯ ಒಂದು ವಿದ್ಯಾರ್ಥಿನಿಲಯದ ವಾರ್ಡನ್ ಆ ವಿದ್ಯಾರ್ಥಿನಿಯನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕಳಿಸುವಾಗ ಚೀಟಿಯಲ್ಲಿ ಬರೆದಿದ್ದದ್ದು ಇಷ್ಟೇ: ‘ಸಿಟ್ಟು ಹೆಚ್ಚು, ಹೊಂದಾಣಿಕೆ ಇಲ್ಲ.’ ಎಂ.ಎ. ಮೊದಲ ವರ್ಷ, ಯಾದಗಿರಿ ಕಡೆಯ ಹಳ್ಳಿ, ಮನೆಗೆ ಹಿರಿಯ ಮಗಳು. ಏಪ್ರಿಲ್‌ನ ಒಂದು ಬೆಳಗ್ಗೆ, ಕೋಣೆಯ ಮೂವರಿಗೂ ದಿನವಿಡೀ ಸಾಕಾಗುವ ನೀರಿದ್ದ ಡ್ರಮ್ಮನ್ನು ಬಚ್ಚಲಿನಲ್ಲಿ ಬೋರಲು ಹಾಕಿಬಿಟ್ಟಿದ್ದಳು. ಬಿಸಿಲು 42 ಡಿಗ್ರಿ ಮುಟ್ಟುವ ಊರಿನಲ್ಲಿ ಇದು ಸಣ್ಣ ಅಪರಾಧವಲ್ಲ.

ಸಿಟ್ಟಿನ ಸುದ್ದಿ ಎತ್ತದೆ ನಿದ್ದೆಯ ಬಗ್ಗೆ ಕೇಳಿದೆ. ನೀರು ಬರುವುದು ನಸುಕಿನಲ್ಲಿ, ಆದರೆ ಹೊತ್ತು ಗೊತ್ತಿಲ್ಲ. ಅದಕ್ಕಾಗಿ ರಾತ್ರಿ ನಲ್ಲಿ ತಿರುವಿಟ್ಟು, ಅದರ ಕೆಳಗೆ ಸ್ಟೀಲಿನ ಚರಿಗೆಯನ್ನು ಬೋರಲಿಟ್ಟು ಮಲಗುತ್ತಿದ್ದಳು. ಮೊದಲ ಹನಿ ಟಣ್ ಎಂದರೆ ಎಚ್ಚರ. ಬರುಬರುತ್ತ ಹನಿ ಬೀಳುವ ಮುಂಚೆ ನಲ್ಲಿಯಿಂದ ಗಾಳಿ ಸುಂಯ್ ಎನ್ನುವುದಕ್ಕೇ ಎಚ್ಚರವಾಗತೊಡಗಿತು. ಆಮೇಲೆ ಯಾವ ಸದ್ದೂ ಬೇಕಾಗಲಿಲ್ಲ. ಮೂರೂವರೆಗೆ ಕಣ್ಣು ತಾನೇ ಬಿಡುತ್ತಿತ್ತು.

ಜೊತೆಯ ಇಬ್ಬರೂ ಹಿರಿಯ ವಿದ್ಯಾರ್ಥಿನಿಯರು. ಬೆದರಿಸಿ ಕೆಲಸ ಮಾಡಿಸುತ್ತಾರೆಯೇ ಎಂದು ಎರಡು ಬಾರಿ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಹಾಗಿದ್ದರೆ ಅದನ್ನು ಆಪ್ತಸಲಹೆಯಲ್ಲಿ ಮುಚ್ಚಿಹಾಕುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿ ಇರುವುದೇ ಅದಕ್ಕೆ. ‘ಇಲ್ಲ ಮೇಡಂ, ಅವರು ಒಂದು ದಿನವೂ ಹೇಳಿಲ್ಲ. ನಾನೂ ಹೇಳಿಲ್ಲ. ಬಾಯ್ತುಂಬ ಅಕ್ಕ ಎಂದು ಕರೆದವರಿಗೆ ನೀರು ಹಿಡಿಯಿರಿ ಎಂದು ಹೇಗೆ ಹೇಳಲಿ?’ ಎಂದಳು. ಹೇಳುವ ಬದಲು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ನೀರು ಹಿಡಿದ ದಿನಕ್ಕೊಂದರಂತೆ ಗೀಟು ಎಳೆದಿದ್ದಳು. ತನ್ನ ಹೆಸರಿನ ಕೆಳಗೆ ಐವತ್ತರ ಮೇಲೆ, ಅವರಿಬ್ಬರದು ಸೇರಿ ಮೂರು.

ಆ ಪುಟವನ್ನು ಅವರಿಗೆ ತೋರಿಸಬೇಡ ಎಂದೆ. ತೋರಿಸಿದರೆ ಕೋಣೆ ಕೋರ್ಟಾಗುತ್ತದೆ. ಅವರೂ ತಮ್ಮ ಲೆಕ್ಕ ತೆಗೆಯುತ್ತಾರೆ. ನೀರಿನ ಮಾತು ಮಾತ್ರ ಆಡು, ಕಸ ಗುಡಿಸುವುದನ್ನೂ ಲೈಟ್ ಆರಿಸುವುದನ್ನೂ ಅದೇ ದಿನ ತರಬೇಡ ಎಂದೆ. ಅಕ್ಕ ಎನ್ನುವುದನ್ನೂ ಬಿಡಬೇಕಿಲ್ಲ. ‘ಅಕ್ಕ, ಸೋಮವಾರದಿಂದ ವಾರಕ್ಕೆ ಎರಡು ದಿನ ನಾನು ನೀರು ಹಿಡಿಯುತ್ತೇನೆ. ಉಳಿದ ದಿನಗಳನ್ನು ನೀವಿಬ್ಬರೂ ಹಂಚಿಕೊಳ್ಳಿ.’ ಇದನ್ನು ನನ್ನೆದುರು ಹೇಳಿಸಿದೆ. ಪ್ರತಿ ಸಲವೂ ‘ಬೇಜಾರು ಮಾಡಿಕೊಳ್ಳಬೇಡಿ’ ಎಂದೇ ಶುರು ಮಾಡುತ್ತಿದ್ದಳು. ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಕಷ್ಟದ ಮಾತು ಮುಂದಿತ್ತು. ಅವರ ಸರದಿಯ ದಿನ ಡ್ರಮ್ ಬತ್ತಿದರೂ ನೀನು ಏಳಕೂಡದು. ಚರಿಗೆಯನ್ನು ಪೆಟ್ಟಿಗೆಯೊಳಗಿಡು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣೋಣ. ನಡುರಾತ್ರಿ ಮನಸ್ಸು ತೀರಾ ಕುದಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು ಎಂದೂ ಹೇಳಿದೆ.

ಅವಳನ್ನು ಕೇಳಿಕೊಂಡೇ ವಾರ್ಡನ್‌ರ ಜೊತೆಗೂ ಮಾತಾಡಿದೆ. ಗೇಟು ಮುಚ್ಚುವ ಸಮಯ, ಅತಿಥಿಗಳ ಪ್ರವೇಶ, ಮೆಸ್ ಬಿಲ್ಲಿನ ಕೊನೆಯ ದಿನಾಂಕ ಎಲ್ಲವೂ ಸೂಚನಾ ಫಲಕದಲ್ಲಿದ್ದವು. ನೀರು ಬಿಡುವ ಹೊತ್ತು ಮಾತ್ರ ಇರಲಿಲ್ಲ. ಹುಡುಗಿಯರ ಹೊಂದಾಣಿಕೆಯ ಚರ್ಚೆ ಆಮೇಲಾಗಲಿ, ಮೊದಲು ಪಂಪ್ ಹಾಕುವವರಿಂದ ಒಂದು ಹೊತ್ತು ಗೊತ್ತುಮಾಡಿಸಿ ಎಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. ಆದರೂ ಮೂರನೆಯ ದಿನ ಫಲಕದಲ್ಲಿ ‘ಬೆಳಗ್ಗೆ 5ರಿಂದ 6’ ಎಂದು ಸೀಮೆಸುಣ್ಣದಲ್ಲಿ ಬರೆಯಿಸಿದ್ದರು.

ಮೊದಲ ಬುಧವಾರವೇ ಡ್ರಮ್ ಬತ್ತಿತು. ಅವರಿಬ್ಬರಲ್ಲಿ ಹಿರಿಯಳು ಪಕ್ಕದ ಕೋಣೆಯಿಂದ ಎರಡು ಬಕೆಟ್ ತಂದು, ‘ಮೊದಲೇ ಹೇಳಬಾರದಿತ್ತೇ? ಬೇಗ ಏಳುವುದು ನಿನ್ನ ರೂಢಿ ಎಂದುಕೊಂಡಿದ್ದೆವು’ ಎಂದಳಂತೆ. ಇನ್ನೊಬ್ಬಳು ತನ್ನ ಸರದಿ ತಪ್ಪಿಸುವುದಿಲ್ಲ, ಮಾತು ಮಾತ್ರ ಬಿಟ್ಟಿದ್ದಾಳೆ.

ಮೂರನೆಯ ಭೇಟಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದಳು, ಎದ್ದದ್ದೇ ಎಂಟಕ್ಕಂತೆ. ಕಸ ಗುಡಿಸುವುದು ಈಗಲೂ ಅವಳ ಪಾಲಿಗೇ ಇದೆ. ಆ ಮಾತು ಯಾವಾಗ ಎತ್ತಲಿ ಎಂದು ಕೇಳಿದಳು. ಪರೀಕ್ಷೆ ಮುಗಿಯಲಿ ಎಂದೆ.